ಗಾಡಿ ಹ್ಯಾಂಗದರಿ? ಐದು ಬೇಸಿಗೆ ಕಂಡ ಕಾಂಪ್ಯಾಕ್ಟ್ ಎಸ್‌ಯುವಿ ಮಾಲೀಕರ ಮಾತಿನ ಅರ್ಥ

ಕಲಬುರಗಿಯಲ್ಲಿ ಹೊಸ ಗಾಡಿ ತಂದವರು ಶರಣಬಸವೇಶ್ವರ ಗುಡಿಗೋ ಗಾಣಗಾಪುರಕ್ಕೋ ಹೋಗಿ ಬರುತ್ತಾರೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಹೂವಿನ ಹಾರ ಹಾಕಿ, ಓಣಿಗೆ ಬಂದು ನಿಲ್ಲಿಸಿದ ಕೂಡಲೇ ಪ್ರಶ್ನೆ ಶುರು. "ಗಾಡಿ ಹ್ಯಾಂಗದರಿ?" ಉತ್ತರವೂ ಸಿದ್ಧ. "ಚೊಲೊ ಅದ ನೋಡ್ರಿ." ಎರಡು ದಿನದ ಗಾಡಿ ಚೊಲೊ ಇಲ್ಲದೆ ಇನ್ನೇನಿರುತ್ತದೆ?

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿಯಿತು. ಆವತ್ತಿನಿಂದ ನನ್ನನ್ನೂ ಈ ಪ್ರಶ್ನೆ ಕೇಳುವವರು ಜಾಸ್ತಿ. ನಮ್ಮ ಮನೆ ಮುಂದಿನ ಕಾಂಪ್ಯಾಕ್ಟ್ ಎಸ್‌ಯುವಿ ಐದು ಬೇಸಿಗೆ ಮುಗಿಸಿದೆ. ಹೀಗಾಗಿ ನನ್ನ ಮಾತಿಗೆ ತೂಕ ಇದೆ ಅಂತ ಜನ ನಂಬಿದ್ದಾರೆ. ಆದರೆ ಬೈಕಿನಿಂದ ನೇರವಾಗಿ ಕಾರಿಗೆ ಬರುವವರಿಗೆ ಮಾಲೀಕರ ಮಾತು ಅರ್ಧವೇ ತಿಳಿಯುತ್ತದೆ. "ಬುಷ್ ಹೋಗ್ಯಾವ", "ಡಿಪಿಎಫ್ ಲೈಟ್ ಬಂತು", "ಆ್ಯವರೇಜ್ ಬಿತ್ತು" ಅಂದರೆ ಏನು, ಯಾಕೆ? ಬುಡದಿಂದ ನೋಡೋಣ.

ಹೆಸರು ಎಸ್‌ಯುವಿ, ಒಳಗೆ ಕಾರು

ಹಳೇ ಬೊಲೆರೊ ನೆನಪಿಸಿಕೊಳ್ಳಿ. ಅದರ ಕೆಳಗೆ ಉಕ್ಕಿನ ಗಟ್ಟಿ ಚಾಸಿ ಇದೆ. ಜನ ಕೂರುವ ಡಬ್ಬವನ್ನು ಅದರ ಮೇಲೆ ಕೂಡಿಸಿ ಬೋಲ್ಟ್ ಬಿಗಿದಿರುತ್ತಾರೆ. ಎತ್ತಿನ ಬಂಡಿಯ ಹಾಗೆ. ಕೆಳಗಿನ ಚೌಕಟ್ಟು ಭಾರ ಹೊರುತ್ತದೆ, ಮೇಲಿನದನ್ನು ಬೇಕಾದರೆ ಬಿಚ್ಚಿ ಇಡಬಹುದು.

ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್‌ನಂಥ ಗಾಡಿಗಳಲ್ಲಿ ಹಾಗೆ ಬೇರೆ ಚಾಸಿ ಇಲ್ಲ. ಹಳೇ ಮನೆಗಳ ಕಬ್ಬಿಣದ ಟ್ರಂಕ್ ಇರುತ್ತದಲ್ಲ, ತಗಡನ್ನೇ ಮಡಚಿ ಬೆಸೆದ ಪೆಟ್ಟಿಗೆ, ಇವು ಹಾಗೆ. ಪೆಟ್ಟಿಗೆಯೇ ಭಾರ ಹೊರುತ್ತದೆ. ಇದಕ್ಕೆ ಮೊನೊಕಾಕ್ ಅಂತಾರೆ. ಗಾಡಿ ಹಗುರವಾಗುತ್ತದೆ, ಮೆತ್ತಗೆ ಓಡುತ್ತದೆ, ಇಂಧನ ಕಡಿಮೆ ಕುಡಿಯುತ್ತದೆ. ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ. ಅಂದರೆ ಇದು ಎತ್ತರಕ್ಕೆ ನಿಲ್ಲಿಸಿದ ಕಾರು. ಈ ಒಂದು ಮಾತು ಗೊತ್ತಿದ್ದು ಕೊಂಡವರಿಗೂ ಜೀಪು ಅಂತ ತಿಳಿದು ಕೊಂಡವರಿಗೂ ಮೂರು ವರ್ಷದ ನಂತರದ ಅಭಿಪ್ರಾಯದಲ್ಲಿ ಬಹಳ ಅಂತರ ಇರುತ್ತದೆ.

ಎತ್ತರದಿಂದ ಸಿಗುವುದು ಎರಡು. ಒಂದು, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ. ಸಣ್ಣ ಕಾರುಗಳಲ್ಲಿ ಇದು ಸುಮಾರು 160-170 ಮಿ.ಮೀ., ಇವುಗಳಲ್ಲಿ ಸುಮಾರು 190-210 ಮಿ.ಮೀ. ಐದು ಜನ ಕೂತರೆ ಇಳಿಯುತ್ತದೆ ಅನ್ನುವುದು ಬೇರೆ ಮಾತು. ಎರಡನೆಯದು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ: ಸೀಟು ಸೊಂಟದ ಎತ್ತರಕ್ಕೆ ಇರುತ್ತದೆ. ಮೊಣಕಾಲು ನೋವಿನ ನಮ್ಮ ಅವ್ವ ಹಳೇ ಕಾರಿನೊಳಗೆ ಇಳಿಯುತ್ತಿದ್ದರು. ಇದರಲ್ಲಿ ಸುಮ್ನೆ ಪಕ್ಕಕ್ಕೆ ಸರಿದು ಕೂರುತ್ತಾರೆ. ಐದು ವರ್ಷದಲ್ಲಿ ಒಮ್ಮೆಯೂ ಕಡಿಮೆಯಾಗದ ಸಮಾಧಾನ ಅಂದರೆ ಇದೊಂದೇ.

ನಾಲ್ಕು ಮೀಟರಿನ ಲೆಕ್ಕ

ಇವುಗಳ ಹಿಂಭಾಗ ಕತ್ತರಿಸಿದ ಹಾಗೆ ಯಾಕಿರುತ್ತದೆ? ತೆರಿಗೆ. ಉದ್ದ 4 ಮೀಟರಿಗಿಂತ ಕಡಿಮೆ ಇದ್ದರೆ ಸಣ್ಣ ಕಾರು ಅನ್ನುವ ಗೆರೆ 2006ರ ಕೇಂದ್ರ ಬಜೆಟ್‌ನಲ್ಲಿ ಬಂತು. ಜೊತೆಗೆ ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರಬಾರದು. 2013ರಲ್ಲಿ ಫೋರ್ಡ್ ಇಕೊಸ್ಪೋರ್ಟ್ ಈ ಅಳತೆಯ ಎಸ್‌ಯುವಿಯನ್ನು ಮನೆಮಾತು ಮಾಡಿತು. 2016ರಲ್ಲಿ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ ಬಂದವು.

ಮೊದಲು ಇವುಗಳ ಮೇಲೆ 28% ಜಿಎಸ್‌ಟಿ, ಅದರ ಮೇಲೆ ಸ್ವಲ್ಪ ಸೆಸ್ ಇತ್ತು. ಈಗ 18% ಮಾತ್ರ. ಆದರೆ ನಾಲ್ಕು ಮೀಟರ್ ಒಳಗಿದ್ದರೆ ಸಾಕು ಅಂದುಕೊಳ್ಳಬೇಡಿ. ಬ್ರೆಝಾದ ಪೆಟ್ರೋಲ್ ಎಂಜಿನ್ 1462 ಸಿಸಿ. ಉದ್ದ ಸರಿ ಇದ್ದರೂ ಎಂಜಿನ್ ಗೆರೆ ದಾಟಿದ್ದರಿಂದ ಅದಕ್ಕೆ 40% ತೆರಿಗೆ.

ಇನ್ನೊಂದು ಗೆರೆ ನಮ್ಮ ರಾಜ್ಯದ್ದು. ಗಾಡಿಯ ಬೆಲೆ 5ರಿಂದ 10 ಲಕ್ಷದ ಒಳಗಿದ್ದರೆ ಜೀವಿತಾವಧಿ ತೆರಿಗೆ 14%. 10 ಲಕ್ಷ ದಾಟಿದರೆ 17%. ಮೇಲೆ ಸೆಸ್ ಬೇರೆ. 9.9 ಲಕ್ಷದ ಗಾಡಿಗೆ 1,38,600 ರೂಪಾಯಿ ಆದರೆ 10.1 ಲಕ್ಷದ್ದಕ್ಕೆ 1,71,700 ರೂಪಾಯಿ. ಬೆಲೆಯ ವ್ಯತ್ಯಾಸ 20 ಸಾವಿರ, ತೆರಿಗೆಯ ವ್ಯತ್ಯಾಸ 33,100! ಶೋರೂಮಿನಲ್ಲಿ "ಇನ್ನೊಂದು ಸ್ವಲ್ಪ ಹಾಕಿದ್ರ ಸನ್‌ರೂಫ್ ಬರ್ತದ ಸರ್" ಅಂದಾಗ ಆ ಸ್ವಲ್ಪ ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ವರ್ಷಕ್ಕೊಂದು ಮಾತು

ಒಂದೇ ಗಾಡಿ, ಒಂದೇ ಮಾಲೀಕರು. ಆರು ತಿಂಗಳಿಗೆ ಒಂದು ಮಾತು, ಮೂರು ವರ್ಷಕ್ಕೆ ಇನ್ನೊಂದು, ಐದು ವರ್ಷಕ್ಕೆ ಮತ್ತೊಂದು. ಯಾರೂ ಸುಳ್ಳು ಹೇಳುತ್ತಿಲ್ಲ. ಗಾಡಿಯ ವಯಸ್ಸು ಹಾಗೆ ಮಾತಾಡಿಸುತ್ತದೆ.

ಮೊದಲ ವರ್ಷ ಸರ್ವಿಸ್‌ಗೆ ಕೂಲಿ ಇಲ್ಲ. ಏನೇ ಕೆಟ್ಟರೂ ವಾರಂಟಿ ಇದೆ. ಕೈಯಿಂದ ಹೋಗುವುದು ಆಯಿಲ್, ಫಿಲ್ಟರಿನ ದುಡ್ಡು ಮಾತ್ರ. ಆಗ ಜನ ಮಾತಾಡುವುದು ಟಚ್‌ಸ್ಕ್ರೀನ್, ಬಣ್ಣ, ಪಿಕಪ್ ಬಗ್ಗೆ.

ಮೂರನೇ ವರ್ಷದ ಹೊತ್ತಿಗೆ ಸವೆಯುವ ಸಾಮಾನಿನ ಸರದಿ. ಬ್ಯಾಟರಿ, ಬ್ರೇಕ್ ಪ್ಯಾಡ್, ವೈಪರ್ ರಬ್ಬರ್, ಆಮೇಲೆ ಟೈರ್. ಇವು ದೋಷ ಅಲ್ಲ, ಚಪ್ಪಲಿ ಸವೆದ ಹಾಗೆ. ಆದರೂ ನಾಲ್ಕು ಟೈರು ಒಟ್ಟಿಗೆ ಬದಲಿಸಿದ ತಿಂಗಳು "ಗಾಡಿ ಹ್ಯಾಂಗದರಿ" ಅಂತ ಕೇಳಿದರೆ ಒಳ್ಳೆಯ ಮಾತು ಬರುವುದಿಲ್ಲ.

ಅದರ ನಂತರ ಬರುವುದು ಬುಷ್. ಗಾಲಿಯನ್ನು ಗಾಡಿಗೆ ಜೋಡಿಸುವ ಕಬ್ಬಿಣದ ತೋಳುಗಳ ಕೀಲಿನಲ್ಲಿ ರಬ್ಬರಿನ ಬಳೆಗಳಿರುತ್ತವೆ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ತಡೆಯುವುದು ಅವುಗಳ ಕೆಲಸ. ನಮ್ಮ ಮೊಣಕಾಲಿನೊಳಗಿನ ಮೆತ್ತೆಯ ಹಾಗೆ ಅನ್ನಿ. ಬಿಸಿಲು, ಧೂಳು, ಗುಂಡಿ ಮೂರೂ ಸೇರಿ ರಬ್ಬರನ್ನು ಗಡುಸು ಮಾಡುತ್ತವೆ. ಆಮೇಲೆ ಅದು ಬಿರಿಯುತ್ತದೆ. ಸಣ್ಣ ಗುಂಡಿಗೂ "ಕಟ್ ಕಟ್" ಅನ್ನುತ್ತದೆ ಗಾಡಿ. ಅದಕ್ಕೇ ಜನ "ಸಸ್ಪೆನ್ಷನ್ ಹೋಯ್ತು" ಅನ್ನುವುದು. ಹಲವು ಸಲ ಹೋಗಿರುವುದು ಬುಷ್ ಅಥವಾ ಲಿಂಕ್ ರಾಡ್ ಅನ್ನುವ ಸಣ್ಣ ಕಂಬಿ, ದೊಡ್ಡ ಖರ್ಚಿನ ಶಾಕ್ ಅಬ್ಸಾರ್ಬರ್ ಅಲ್ಲ. ಮೊದಲು ಯಾವುದು ಅಂತ ಎತ್ತಿ ನೋಡಿಸಿ.

ಕಲಬುರಗಿಯ ಬೇಸಿಗೆ ಅನ್ನುವ ಪರೀಕ್ಷೆ

ಬೆಂಗಳೂರಿನವರು ಬರೆದ ಕಾರಿನ ವಿಮರ್ಶೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಎಸಿ ಒಂದು ಸೌಕರ್ಯ. ಇಲ್ಲಿ ಏಪ್ರಿಲ್-ಮೇನಲ್ಲಿ 42, 43 ಡಿಗ್ರಿ ಬಿಸಿಲು. ಮಧ್ಯಾಹ್ನ ಸೂಪರ್ ಮಾರ್ಕೆಟ್ ಹತ್ತಿರ ಅರ್ಧ ಗಂಟೆ ನಿಲ್ಲಿಸಿದ ಗಾಡಿಯ ಸ್ಟೇರಿಂಗ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಸೆಕೆಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಜಾಗ ಗಾಡಿಯ ಮೂಗಿನ ಹಿಂದಿರುವ ಕಂಡೆನ್ಸರ್, ರೇಡಿಯೇಟರಿನ ಹಾಗೆ ಕಾಣುವ ಜಾಲರಿ. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಧೂಳು, ರಾಶಿ ಕಾಲದ ತೊಗರಿ ಹೊಟ್ಟು ಆ ಜಾಲರಿಯಲ್ಲಿ ಕೂತರೆ ಶಾಖ ಹೊರಗೆ ಹೋಗುವುದಿಲ್ಲ. ಒಳಗೆ ತಂಪು ಕಡಿಮೆ. ಮಾಲೀಕರು "ಈ ಕಂಪನಿ ಎಸಿ ಸರಿ ಇಲ್ರಿ" ಅಂತಾರೆ. ಬೇಸಿಗೆಗೆ ಮೊದಲು ಮೆಲ್ಲಗೆ ನೀರು ಬಿಟ್ಟು ಅದನ್ನು ತೊಳೆಸಿದರೆ, ಒಳಗಿನ ಕ್ಯಾಬಿನ್ ಫಿಲ್ಟರ್ ಬದಲಿಸಿದರೆ ಎಷ್ಟೋ ಸಲ ಸಮಸ್ಯೆ ಮುಗಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: "ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು." ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಬೇಗ ಬೇಗ ಕಡಿಮೆಯಾಗುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ.

ಹಿಂದಿನ ಸೀಟಿನ ಎಸಿ ಕಿಂಡಿ ಬೇರೆ ಎಸಿ ಅಲ್ಲ. ಮುಂದಿನ ಗಾಳಿಯನ್ನೇ ಕೊಳವೆಯಲ್ಲಿ ಹಿಂದಕ್ಕೆ ಕಳಿಸುತ್ತದೆ, ಅಷ್ಟೇ. ಆದರೂ ನಮ್ಮ ಭಾಗಕ್ಕೆ ಅದು ಬೇಕು. ಮಕ್ಕಳು, ವಯಸ್ಸಾದವರು ಕೂರುವುದು ಅಲ್ಲೇ ಅಲ್ವಾ?

ಸನ್‌ರೂಫ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮೇ ತಿಂಗಳ ಮಧ್ಯಾಹ್ನ ಅದನ್ನು ತೆರೆದವರನ್ನು ನಾನಿನ್ನೂ ಕಂಡಿಲ್ಲ. ಮದುವೆ ದಿಬ್ಬಣದಲ್ಲಿ ಮಕ್ಕಳು ತಲೆ ಹೊರಗೆ ಹಾಕಿದ್ದನ್ನು ಬೇಕಾದಷ್ಟು ನೋಡಿದ್ದೇನೆ, ಅದು ಅಪಾಯ. ಗಾಜಿನ ಸುತ್ತ ಬೀಳುವ ಮಳೆನೀರು ಇಳಿದುಹೋಗಲು ಮೂಲೆಗಳಲ್ಲಿ ಸಣ್ಣ ಕೊಳವೆಗಳಿರುತ್ತವೆ. ನಮ್ಮ ಧೂಳಿಗೆ ಅವು ಕಟ್ಟಿಕೊಳ್ಳುತ್ತವೆ. ಆಮೇಲೆ ಮೊದಲ ಮಳೆಗೆ ನೀರು ತಲೆ ಮೇಲೆ.

ಬ್ಯಾಟರಿಯನ್ನೂ ಬಿಸಿಲೇ ತಿನ್ನುತ್ತದೆ. ಶಾಖ ಹೆಚ್ಚಾದಷ್ಟೂ ಅದರೊಳಗಿನ ರಾಸಾಯನಿಕ ಕ್ರಿಯೆ ಜೋರಾಗಿ, ತಟ್ಟೆಗಳು ಬೇಗ ಹಾಳಾಗುತ್ತವೆ. ತಂಪು ಊರಿನ ಬೀಗರ ಗಾಡಿಯಲ್ಲಿ ಐದು ವರ್ಷ ಬಂದ ಬ್ಯಾಟರಿ ಇಲ್ಲಿ ಮೂರಕ್ಕೇ ಕೈಕೊಟ್ಟರೆ ಅಚ್ಚರಿಪಡಬೇಕಿಲ್ಲ.

ಎರಿ ಮಣ್ಣು ಮತ್ತು ನಡುಗುವ ಸ್ಟೇರಿಂಗ್

ಮಳೆಗಾಲದಲ್ಲಿ ನಮ್ಮ ಎರಿ ಹೊಲದ ಮಣ್ಣು ಅಂಟು ಹಿಟ್ಟಾಗುತ್ತದೆ. ಟೈರಿನ ಗೆರೆಗಳು ತುಂಬಿ ಟೈರು ಬೋಳಾಗುತ್ತದೆ. ಆಗ 200 ಮಿ.ಮೀ. ಎತ್ತರ ಇದ್ದರೂ ಗಾಡಿ ಮುಂದೆ ಹೋಗುವುದಿಲ್ಲ. ಎತ್ತರ ಕಲ್ಲು ತಾಗದಂತೆ ಕಾಪಾಡುತ್ತದೆ, ಹಿಡಿತ ಕೊಡುವುದಿಲ್ಲ. ಹೊಲದ ತನಕ ಒಯ್ಯುತ್ತೇನೆ ಅಂತ ಕೊಂಡವರು ಮೊದಲ ಆಷಾಢದಲ್ಲೇ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿರುತ್ತಾರೆ.

ಒಮ್ಮೆ ಜೇವರ್ಗಿ ಕಡೆಯ ಹಳ್ಳಿಯಿಂದ ಬರುವಾಗ ಡಾಂಬರ್ ರಸ್ತೆಗೆ ಏರಿ ವೇಗ 80 ಆಗುತ್ತಿದ್ದಂತೆ ಸ್ಟೇರಿಂಗ್ ಗಡಗಡ ನಡುಗತೊಡಗಿತು. ಮರುದಿನ ಒಂದು ಗ್ಯಾರೇಜಿನಲ್ಲಿ ಗಾಲಿಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದೆ, ದುಡ್ಡು ಕೊಟ್ಟೆ, ನಡುಕ ನಿಲ್ಲಲಿಲ್ಲ. ಕೊನೆಗೆ ಗಾಡಿ ತೊಳೆಯುವ ಹುಡುಗ ಗಾಲಿಯ ಒಳಬದಿಗೆ ಕೈ ಹಾಕಿ ಒಣಗಿದ ಎರಿ ಮಣ್ಣಿನ ಹೆಂಟೆ ಕಿತ್ತು ತೋರಿಸಿದ. ಗಾಲಿಯ ಒಂದು ಕಡೆಗೆ ಅಷ್ಟು ತೂಕ ಕೂತರೆ ಅದು ಸಮ ತಿರುಗುವುದು ಹೇಗೆ? ಸೀಲಿಂಗ್ ಫ್ಯಾನಿನ ಒಂದು ರೆಕ್ಕೆಗೆ ಕಲ್ಲು ಕಟ್ಟಿದ ಹಾಗೆ. ಮಳೆಗಾಲದಲ್ಲಿ "ಹೈವೇದಾಗ ಗಾಡಿ ನಡುಗ್ತದ" ಅನ್ನುವ ದೂರು ಕೇಳಿದರೆ ಮೊದಲು ಇದನ್ನು ನೋಡಿ.

ಆ್ಯವರೇಜ್ ಯಾಕೆ ಬೀಳುತ್ತದೆ?

ಆ್ಯವರೇಜ್ ಅಂದರೆ ಮೈಲೇಜ್, ಲೀಟರಿಗೆ ಎಷ್ಟು ಕಿ.ಮೀ. ಅನ್ನುವ ಲೆಕ್ಕ. ಕಂಪನಿ ಹೇಳುವ ಮೈಲೇಜ್ ಸುಳ್ಳಲ್ಲ, ಆದರೆ ಅದು ರಸ್ತೆಯದ್ದಲ್ಲ. ಪ್ರಯೋಗಾಲಯದಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಹಾಕದೆ, ಗೊತ್ತುಪಡಿಸಿದ ವೇಗದಲ್ಲಿ ಓಡಿಸಿ ಅಳೆದದ್ದು. ವೇಗ 90 ಕಿ.ಮೀ. ದಾಟುವುದಿಲ್ಲ. ಬೇರೆ ಬೇರೆ ಗಾಡಿಗಳನ್ನು ಹೋಲಿಸಲು ಅದು ಸರಿ, ತಿಂಗಳ ಖರ್ಚು ಲೆಕ್ಕ ಹಾಕಲು ಅಲ್ಲ.

ನಿಮ್ಮದನ್ನು ನೀವೇ ಅಳೆಯಿರಿ. ಬಂಕಿನಲ್ಲಿ ಪೈಪು ತಾನಾಗಿ ಕಟ್ ಆಗುವವರೆಗೆ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಓಡಿಸಿ. ಮುಂದಿನ ಸಲ ಅದೇ ಬಂಕಿನಲ್ಲಿ ಹಾಗೇ ತುಂಬಿಸಿ. 400 ಕಿ.ಮೀ.ಗೆ 28 ಲೀಟರ್ ಹಿಡಿದರೆ ಲೀಟರಿಗೆ ಸುಮಾರು 14.3 ಕಿ.ಮೀ. ಡ್ಯಾಶ್‌ಬೋರ್ಡಿನ ಅಂಕಿಗಿಂತ ಇದನ್ನು ನಂಬಬಹುದು.

ಈಗ ಎಲ್ಲರ ಬಾಯಲ್ಲಿರುವ ಇ20 ಪೆಟ್ರೋಲ್. ಇದರಲ್ಲಿ 20% ಎಥನಾಲ್ ಇರುತ್ತದೆ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಐದರಲ್ಲಿ ಒಂದು ಪಾಲು ಎಥನಾಲ್ ಆದ್ದರಿಂದ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೆಕ್ಕದಲ್ಲಿ 6-7% ಶಕ್ತಿ ಕಡಿಮೆ. ಆದರೆ ಮೊದಲಿನ ಪೆಟ್ರೋಲಿನಲ್ಲೂ 10% ಎಥನಾಲ್ ಇತ್ತು. ಹೀಗಾಗಿ ಇತ್ತೀಚಿನ ಬದಲಾವಣೆಯ ಪಾಲು ಅದರ ಅರ್ಧ. 15 ಕೊಡುತ್ತಿದ್ದ ಗಾಡಿ 14.5 ಕೊಟ್ಟರೆ ಅದಕ್ಕೆ ಇ20 ಅನ್ನಬಹುದು. 15 ಇದ್ದದ್ದು 11 ಆಗಿದ್ದರೆ ಬೇರೆ ಕಾರಣ ಹುಡುಕಬೇಕು: ಟೈರಿನ ಗಾಳಿ, ಧೂಳು ಹಿಡಿದ ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್. ಅಥವಾ ಬಲಗಾಲು.

ಬಲಗಾಲು ಅಂದದ್ದು ಟರ್ಬೊ ಇರುವವರಿಗೆ. ಕಮ್ಮಾರ ತಿದಿ ಒತ್ತಿದರೆ ಬೆಂಕಿ ಜೋರಾಗುತ್ತದಲ್ಲ, ಟರ್ಬೊ ಅದೇ ಕೆಲಸ ಮಾಡುತ್ತದೆ. ಹೊರಹೋಗುವ ಹೊಗೆಯ ರಭಸದಿಂದ ಒಂದು ಫ್ಯಾನ್ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಸಣ್ಣ ಎಂಜಿನ್ ದೊಡ್ಡದರ ಹಾಗೆ ಎಳೆಯುತ್ತದೆ. ಆದರೆ ತಿದಿ ಒತ್ತಿದಷ್ಟೂ ಇದ್ದಿಲು ಬೇಕು. ಒಂದೇ ಟರ್ಬೊ ಗಾಡಿಯ ಇಬ್ಬರು ಮಾಲೀಕರು ಒಬ್ಬರು 10, ಇನ್ನೊಬ್ಬರು 16 ಅಂದರೆ ಇಬ್ಬರದೂ ನಿಜ ಇರಬಹುದು.

ಡೀಸೆಲ್: ಊರೊಳಗೆ ಓಡಿಸುವವರು ಗಮನಿಸಿ

2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಜರಡಿ ಕೂತಿತು. ಹೊಗೆಯ ಮಸಿ ಅದರಲ್ಲಿ ನಿಲ್ಲುತ್ತದೆ. ಚಹಾ ಸೋಸುವ ಜಾಳಿಗೆಯನ್ನು ಝಾಡಿಸದಿದ್ದರೆ ಕಟ್ಟಿಕೊಳ್ಳುತ್ತದಲ್ಲ, ಇದೂ ಹಾಗೇ. ಇದನ್ನು ಝಾಡಿಸುವ ಬದಲು ಗಾಡಿಯೇ ಆ ಮಸಿಯನ್ನು ಸುಡುತ್ತದೆ. ಸುಡಲು ಹೊಗೆ ಬಹಳ ಬಿಸಿ ಇರಬೇಕು, ಅದಕ್ಕೆ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಆಫೀಸಿಗೆ ನಾಲ್ಕು ಕಿ.ಮೀ. ಓಡಿಸುವವರ ಎಂಜಿನ್ ಕಾಯುವುದರೊಳಗೆ ಆಫೀಸ್ ಬಂದಿರುತ್ತದೆ. ಮಸಿ ತುಂಬಿ ಹಳದಿ ದೀಪ ಬರುತ್ತದೆ. ಆಗ ಹುಮನಾಬಾದ್ ರಸ್ತೆಗೆ ಒಯ್ದು ಅರ್ಧ ಗಂಟೆ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಕಡೆಗಣಿಸಿದರೆ ಬಿಲ್ ದೊಡ್ಡದು.

ವಾರಕ್ಕೊಮ್ಮೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಬರುವವರು ಇದೇ ಡೀಸೆಲ್ ಗಾಡಿಯನ್ನು ಹಾಡಿ ಹೊಗಳುತ್ತಾರೆ. ಗಾಡಿ ಒಂದೇ, ಓಡಾಟ ಬೇರೆ.

ಕೆಲವು ಡೀಸೆಲ್ ಗಾಡಿಗಳಿಗೆ ಹೊಗೆ ಶುದ್ಧಗೊಳಿಸುವ ಡಿಇಎಫ್ ಅನ್ನುವ ದ್ರವವನ್ನೂ ಹಾಕಬೇಕು. ಅದು ಶುದ್ಧ ನೀರಿನಲ್ಲಿ 32.5% ಯೂರಿಯಾ. ಹಾಗಂತ ಹೊಲದ ಚೀಲ ಬಿಚ್ಚಿ ಕಲಸಿ ಹಾಕಬೇಡಿ. ಗೊಬ್ಬರದ ಯೂರಿಯಾದಲ್ಲಿರುವ ಕಲ್ಮಶ ಆ ವ್ಯವಸ್ಥೆಯನ್ನೇ ಹಾಳುಮಾಡುತ್ತದೆ.

ಸರ್ವಿಸ್ ಅನ್ನುವ ಸಂಸಾರ

ಗಾಡಿ ಮೇಲಿನ ಪ್ರೀತಿ ಹೋಗುವುದು ಬಹಳ ಸಲ ರಸ್ತೆಯಲ್ಲಲ್ಲ, ಸರ್ವಿಸ್ ಸೆಂಟರಿನ ಕುರ್ಚಿಯಲ್ಲಿ. ನನಗೂ ಆಗಿದೆ. ನಾಲ್ಕನೇ ವರ್ಷ ಊರಿನ ಒಂದು ಕಡೆ ಬಿಟ್ಟಿದ್ದೆ. ಬಿಲ್ಲಿನಲ್ಲಿ ಎಂಜಿನ್ ಫ್ಲಶ್, ಎಸಿ ಕ್ಲೀನರ್, ಕೋಟಿಂಗ್ ಅಂತ ನಾನು ಕೇಳದ ಮೂರು ಸಾಲು ಇದ್ದವು. ಕೇಳಿದ ಮೇಲೆ ಎರಡನ್ನು ತೆಗೆದರು. ಗಾಡಿಯ ಜೊತೆ ಬರುವ ಕೈಪಿಡಿಯಲ್ಲಿ ಎಷ್ಟು ಕಿ.ಮೀ.ಗೆ ಏನು ಬದಲಿಸಬೇಕು ಅನ್ನುವ ಪಟ್ಟಿ ಇರುತ್ತದೆ. ಅದರ ಫೋಟೊ ಫೋನಿನಲ್ಲಿರಲಿ, ಕೀಲಿ ಕೊಡುವಾಗ ತೋರಿಸಿ.

ಬಿಡಿಭಾಗ ಸಿಗುವುದೂ ಮುಖ್ಯ. ಬಂಪರ್, ಹೆಡ್‌ಲೈಟ್ ಒಡೆದಾಗ ಹತ್ತು ದಿನ ಕಾಯಬೇಕೋ ಒಂದೂವರೆ ತಿಂಗಳೋ ಅನ್ನುವುದನ್ನು ಇನ್ಶೂರೆನ್ಸ್ ಕ್ಲೇಮ್ ಮಾಡಿದವರನ್ನೇ ಕೇಳಬೇಕು. ಕಂಪನಿ ಉಳಿಯುತ್ತದೆಯೇ ಅನ್ನುವ ಪ್ರಶ್ನೆಯೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಸರ್ವಿಸ್, ಬಿಡಿಭಾಗ ಮುಂದುವರಿಯುತ್ತವೆ ಅಂದರೂ ಓಡಿಸಲು ಇಷ್ಟಪಟ್ಟ ಗಾಡಿಯನ್ನು ಮಾರುವಾಗ ಮಾಲೀಕರಿಗೆ ಚಿಂತೆ ಹತ್ತಿತು.

ಮಾಲೀಕರು ಹೇಳಲಾಗದ ಒಂದು ವಿಷಯ

ಸುರಕ್ಷತೆ. ಪುಣ್ಯಕ್ಕೆ ಹೆಚ್ಚಿನವರಿಗೆ ಅದರ ಅನುಭವ ಇರುವುದಿಲ್ಲ. "ಬಾಗಿಲು ದಪ್ಪ ಅದ, ಧಪ್ ಅಂತ ಸಪ್ಪಳ ಬರ್ತದ" ಅನ್ನುವುದು ಪುರಾವೆ ಅಲ್ಲ. ಡಿಕ್ಕಿ ಪರೀಕ್ಷೆಯ ಫಲ ನೋಡಬೇಕು. 2018ರಲ್ಲಿ ನೆಕ್ಸಾನ್, ಇಂಥ ಪರೀಕ್ಷೆ ಮಾಡಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಸಿಎಪಿಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಸಿಎಪಿ ಇದೆ. ಮುಂಭಾಗದ ಪರೀಕ್ಷೆ ಗಂಟೆಗೆ 64 ಕಿ.ಮೀ. ವೇಗದ್ದು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಅಫಜಲಪುರ, ಆಳಂದ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕಂಡವರಿಗೆ ಈ ಸ್ಟಾರ್ ಯಾಕೆ ಬೇಕು ಅಂತ ಹೇಳಬೇಕಿಲ್ಲ. ಬೆಲ್ಟ್ ಹಾಕದೆ ಕೂತವರಿಗೆ ಈ ಸ್ಟಾರುಗಳ ಲೆಕ್ಕ ಅನ್ವಯಿಸುವುದಿಲ್ಲ, ಹಿಂದಿನ ಸೀಟಿನಲ್ಲಿದ್ದರೂ.

ಹಾಗಾದರೆ ಏನು ಕೇಳಬೇಕು?

ಹತ್ತು ಹನ್ನೆರಡು ಲಕ್ಷ ಹಾಕಿದವರು ನಾಲ್ಕು ಜನರ ಮುಂದೆ ಗಾಡಿ ಸರಿ ಇಲ್ಲ ಅನ್ನುವುದಿಲ್ಲ. ಮಾವ ಕೊಡಿಸಿದ್ದಾದರೆ ಇನ್ನೂ ಕಷ್ಟ. ಇನ್ನೊಂದು ಕಡೆ, ಸಿಕ್ಕಾಪಟ್ಟೆ ತೊಂದರೆ ಕಂಡವರ ದನಿಯೇ ದೊಡ್ಡದಾಗಿ ಕೇಳುತ್ತದೆ. ಸುಮ್ಮನೆ ಓಡಿಸಿಕೊಂಡಿರುವವರು ಮಾತಾಡುವುದೇ ಕಡಿಮೆ. ಅದಕ್ಕೇ "ಹ್ಯಾಂಗದರಿ?" ಬಿಟ್ಟು ಬೇರೆ ಕೇಳಿ. ಹೋದ ಸರ್ವಿಸಿಗೆ ಎಷ್ಟು ಬಿತ್ತು? ವಾರಂಟಿ ಮುಗಿದ ಮೇಲೆ ಏನೇನು ಬದಲಿಸಿದ್ರಿ? ತಿಂಗಳಿಗೆ ಎಷ್ಟು ಕಿ.ಮೀ. ಓಡುತ್ತದೆ, ಊರೊಳಗೋ ಹೈವೇಯಲ್ಲೋ? ಈಗ ದುಡ್ಡು ಕೊಟ್ಟರೆ ಇದೇ ಗಾಡಿ ಮತ್ತೆ ತಗೋತೀರಾ? ಕೊನೆಯ ಪ್ರಶ್ನೆಗೆ ಉತ್ತರ ಬರುವ ಮುಂಚಿನ ಮೌನವನ್ನೂ ಕೇಳಿಸಿಕೊಳ್ಳಿ.

ನಮ್ಮ ಓಣಿಯಲ್ಲಿ ಮೊನ್ನೆ ಒಬ್ಬರು ನನ್ನನ್ನು ಇದನ್ನೆಲ್ಲ ಕೇಳಿದರು. ನಾನು ಮತ್ತೆ ಇದೇ ತಗೋತೀನಿ, ಆದರೆ ಒಂದು ಮೆಟ್ಟಿಲು ಕೆಳಗಿನ ವೇರಿಯಂಟ್ ಅಂದೆ. ಒಳಗಿನಿಂದ ಅವ್ವ ಕೂಗಿದರು: "ನಡುವಿನ ಸೀಟಿನ್ಯಾಗ ಕುಂತವ್ರನ್ನ ಕೇಳಪ್ಪ." ಅದೂ ನಿಜ. ಹಿಂದೆ ಮೂವರು ದೊಡ್ಡವರು ಕೂತರೆ ನಡುವಿನವರಿಗೆ ಗಾಣಗಾಪುರವೇ ದೂರ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ ಅಂತ ಅವರಿಗೆ ಹೇಳಿದೆ. ಮನೆಯವರೆಲ್ಲ ಹತ್ತಿ, ಮಧ್ಯಾಹ್ನ ಎರಡು ಗಂಟೆಗೆ, ಎಸಿ ಹಾಕಿ, ರಿಂಗ್ ರೋಡಿಗಲ್ಲ, ನಿಮ್ಮ ಓಣಿಯ ಗುಂಡಿಗಳಿಗೇ ಒಯ್ಯಿರಿ.